ಗಾಳಿಗೆ ಗಾಳಿಯೇ ಕಾವಲು

ಗಾಳಿ ತುಂಬಬೇಕಾದರೆ ತೂತು ಬೇಕು. ತುಂಬಿದ ಮೇಲೆ ಆ ತೂತು ಇರಬಾರದು. ಸೈಕಲ್ ಟ್ಯೂಬು, ಫುಟ್‌ಬಾಲು, ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಹಾಕುವ ಪ್ಲಾಸ್ಟಿಕ್ ಬಳೆ, ಹುಟ್ಟುಹಬ್ಬದ ಬಲೂನು, ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಗಂಟಲಿಗೆ ಇಳಿಸುವ ನಳಿಗೆ, ಹೀಗೆ ಉಬ್ಬುವ ವಸ್ತು ಯಾವುದೇ ಇರಲಿ, ಅದನ್ನು ತಯಾರಿಸುವವರಿಗೆ ಮೊದಲು ಎದುರಾಗುವ ತೊಡಕು ಇದೇ. ಬಲೂನಿನ ಬಾಯಿಗೆ ಗಂಟು ಹಾಕಬಹುದು, ಟ್ಯೂಬಿನ ಬಾಯಿಗೆ ಬಿರಡೆ ಜಡಿಯಬಹುದು. ಆದರೆ ಪಂಪು ಕಿತ್ತ ಗಳಿಗೆಗೂ ಬಿರಡೆ ಕೂರುವ ಗಳಿಗೆಗೂ ನಡುವೆ ಒಂದಿಷ್ಟು ಹೊತ್ತು ಇದೆಯಲ್ಲ, ಅಷ್ಟರಲ್ಲಿ ಕಷ್ಟಪಟ್ಟು ಹೊಡೆದ ಗಾಳಿಯೆಲ್ಲ ಬುಸ್ಸೆಂದು ಹೊರಗೆ ಹೋಗಿರುತ್ತದೆ. ಆ ಒಂದಿಷ್ಟು ಹೊತ್ತನ್ನು ಇಲ್ಲವಾಗಿಸಲಿಕ್ಕೆಂದೇ ಹುಟ್ಟಿದ್ದು ತಾನೇ ಮುಚ್ಚಿಕೊಳ್ಳುವ ವಾಲ್ವು.

ಇದರ ಅತ್ಯಂತ ಸರಳ ರೂಪ ನೋಡಬೇಕೆಂದರೆ ಯಾವ ಊರಿನ ಸೈಕಲ್ ಶಾಪಿಗೆ ಹೋದರೂ ಆದೀತು. ಹಳೆಯ ಮಾದರಿಯ ಕರಿ ಸೈಕಲ್ಲಿನ ರಿಮ್ಮಿನಿಂದ ಎದ್ದು ನಿಂತ ಲೋಹದ ಮೂತಿಯ ಮೇಲಿನ ನಟ್ಟು ಬಿಚ್ಚಿದರೆ, ಒಳಗಿನಿಂದ ಕಿರುಬೆರಳಿನ ಒಂದು ಗೆಣ್ಣಿಗಿಂತ ಸಣ್ಣದಾದ ಲೋಹದ ಕಡ್ಡಿಯೊಂದು ಈಚೆಗೆ ಬರುತ್ತದೆ. ಕಡ್ಡಿಯ ಮೇಲ್ಭಾಗ ಟೊಳ್ಳು, ತುದಿ ಮುಚ್ಚಿದೆ, ಪಕ್ಕದಲ್ಲಿ ಗುಂಡುಸೂಜಿ ಹೋಗುವಷ್ಟು ಒಂದು ತೂತು. ಆ ತೂತನ್ನು ಮುಚ್ಚಿಕೊಂಡು ಕಡ್ಡಿಗೆ ಬಿಗಿಯಾಗಿ ಅಪ್ಪಿಕೊಂಡಿರುವುದು ತೆಳ್ಳನೆಯ ರಬ್ಬರಿನ ತೋಳು. ಸೈಕಲ್ ಶಾಪಿನವರ ಬಾಯಲ್ಲಿ ಅದು ವಾಲ್‌ಟ್ಯೂಬು. ಪಂಪಿನ ಗಾಳಿ ಮೇಲಿನಿಂದ ಬಂದು, ಪಕ್ಕದ ತೂತಿನಿಂದ ನುಗ್ಗಿ, ರಬ್ಬರನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಕಡ್ಡಿಗೂ ರಬ್ಬರಿಗೂ ನಡುವಿನ ಸಂದಿಯಲ್ಲಿ ಜಾರಿ ಟ್ಯೂಬಿನೊಳಕ್ಕೆ ಇಳಿಯುತ್ತದೆ. ಪಂಪಿನ ಒತ್ತು ನಿಂತ ಕೂಡಲೇ ರಬ್ಬರು ತನ್ನ ಬಿಗುವಿನಿಂದ ಮತ್ತೆ ಅಪ್ಪಿಕೊಳ್ಳುತ್ತದೆ. ಒಳಗಿನ ಗಾಳಿ ಹೊರಬರಲು ಹವಣಿಸಿದಷ್ಟೂ ಆ ರಬ್ಬರನ್ನೇ ಸುತ್ತಲಿಂದ ಕಡ್ಡಿಯ ಮೇಲೆ ಒತ್ತುತ್ತದೆ. ತಪ್ಪಿಸಿಕೊಳ್ಳಲು ಹೊರಟ ಗಾಳಿಯೇ ತನ್ನ ದಾರಿಗೆ ಅಡ್ಡ ನಿಲ್ಲುತ್ತದೆ.

ಇಷ್ಟು ಸರಳವಾದದ್ದು ತಾನಾಗಿ ಬರಲಿಲ್ಲ. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಕುದುರೆಗಾಡಿಗಳ ಕಾಲವದು, ರಬ್ಬರು ದುಬಾರಿ, ವಿಷಯ ಅಲ್ಲಿಗೇ ನಿಂತಿತು. ನಾಲ್ಕು ದಶಕಗಳ ಮೇಲೆ, 1887ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲೆಂದು ರಬ್ಬರಿನ ಕೊಳವೆಗೆ ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಗಾಳಿ ಟೈರಿನ ಸೈಕಲ್ಲಿನಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಆದರೆ ಟೈರಿನಲ್ಲಿ ಗಾಳಿ ಇಳಿದಾಗಲೆಲ್ಲ ಸವಾರನೇ ಮತ್ತೆ ತುಂಬಿಕೊಳ್ಳುವಂತಿರಬೇಕಲ್ಲ? ಆ ಕೊರತೆಯನ್ನು ತುಂಬಿದ್ದು 1890ರ ದಶಕದ ಆರಂಭದಲ್ಲಿ ಬಂದ ವುಡ್ಸ್ ಎಂಬವರ ರಬ್ಬರ್ ತೋಳಿನ ವಾಲ್ವು. ಇಂಗ್ಲಿಷರು ಇಂದಿಗೂ ಅದನ್ನು ವುಡ್ಸ್ ವಾಲ್ವ್ ಅಥವಾ ಡನ್‌ಲಪ್ ವಾಲ್ವ್ ಎನ್ನುತ್ತಾರೆ. ನೂರಮೂವತ್ತು ವರ್ಷಗಳ ಮೇಲೂ ನಮ್ಮ ಹಾಲಿನವರ, ಪೇಪರ್ ಹಾಕುವವರ, ಶಾಲೆಯ ಮಕ್ಕಳ ಎಷ್ಟೋ ಸೈಕಲ್ಲುಗಳು ಅದೇ ವಾಲ್ವಿನ ಮೇಲೆ ಓಡುತ್ತಿವೆ.

ಅದಕ್ಕೆ ಕೊರತೆಗಳೂ ಇವೆ. ರಬ್ಬರು ಬಿಗಿಯಾಗಿರುವುದರಿಂದ ಪ್ರತಿ ಸಲವೂ ಅದನ್ನು ಹಿಗ್ಗಿಸಿಯೇ ಗಾಳಿ ಒಳಗೆ ಹೋಗಬೇಕು. ಕೈಪಂಪು ಒತ್ತಿದವರ ತೋಳಿಗೆ ಇದು ಚೆನ್ನಾಗಿ ಗೊತ್ತು. ಒಳಗೆ ಎಷ್ಟು ಒತ್ತಡವಿದೆಯೆಂದು ಮೀಟರ್ ಹಚ್ಚಿ ನೋಡುವಂತಿಲ್ಲ, ಏಕೆಂದರೆ ಒಳಗಿನ ಗಾಳಿ ಮೀಟರಿನವರೆಗೆ ಬರಲು ರಬ್ಬರು ಬಿಡುವುದಿಲ್ಲ. ಬಿಸಿಲಿಗೆ, ವರ್ಷಗಳಿಗೆ ರಬ್ಬರು ಹಳಸಿ ಬಿರುಕು ಬಿಡುತ್ತದೆ. ಆದರೆ ಆಗ ಬೇಕಾಗುವುದು ಒಂದು ತುಂಡು ವಾಲ್‌ಟ್ಯೂಬು ಮಾತ್ರ. ಉದ್ದದ ನಳಿಗೆಯಿಂದ ಬ್ಲೇಡಿನಲ್ಲಿ ಕತ್ತರಿಸಿ, ಜಾರಲೆಂದು ಸ್ವಲ್ಪ ಉಗುಳು ಸವರಿ, ಕಡ್ಡಿಗೆ ಏರಿಸಿದರೆ ರಿಪೇರಿ ಮುಗಿಯಿತು. ಯಾವ ಯಂತ್ರದ ಭಾಗವನ್ನಾದರೂ ಹೀಗೆ ರಸ್ತೆಬದಿಯಲ್ಲಿ, ಎರಡು ನಿಮಿಷದಲ್ಲಿ, ಚಿಲ್ಲರೆ ಕಾಸಿನಲ್ಲಿ ಹೊಸದು ಮಾಡಬಹುದಾದರೆ ಆ ವಿನ್ಯಾಸಕ್ಕೆ ಕೈ ಮುಗಿಯಬೇಕು.

ಒಳಗಡೆಗೆ ತೆರೆಯುವ ಬಾಗಿಲಿದ್ದ ಕೋಣೆಯಲ್ಲಿ ಜನ ಕಿಕ್ಕಿರಿದು ಬಾಗಿಲ ಕಡೆಗೇ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಒತ್ತಿದಷ್ಟೂ ಚೌಕಟ್ಟಿಗೆ ಅಮರುತ್ತದೆ. ತಾನೇ ಮುಚ್ಚಿಕೊಳ್ಳುವ ವಾಲ್ವುಗಳೆಲ್ಲ ಬಹುಮಟ್ಟಿಗೆ ಈ ಬಾಗಿಲಿನ ತತ್ತ್ವವನ್ನೇ ನಂಬಿವೆ. ಹಾಗಾದರೆ ಒಳಗೆ ಒತ್ತಡ ಹೆಚ್ಚಿದ್ದಷ್ಟೂ ವಾಲ್ವು ಮಾಡುವುದು ಕಷ್ಟ ಎಂಬ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತದೆ. ಲಾರಿಯ ಟೈರಿಗೆ ತಾನೇ ಮುಚ್ಚಿಕೊಳ್ಳುವ ಬಾಯಿ ಮಾಡುವುದು ಸುಲಭ. ಮಗುವಿನ ಬಲೂನಿಗೆ ಮಾಡುವುದು ಕಷ್ಟ. ಬಾಗಿಲನ್ನು ಒತ್ತಿ ಹಿಡಿಯಲು ಒಳಗೆ ಜನವೇ ಇಲ್ಲದಿದ್ದರೆ ಬಾಗಿಲನ್ನು ಮುಚ್ಚುವವರು ಯಾರು?

ಇದನ್ನು ಅಂಕಿಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಕಾರಿನ ಟೈರಿನಲ್ಲಿ 30 ಪೌಂಡ್ ಗಾಳಿ ಇದೆ ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 2,100 ಗ್ರಾಂ ತೂಕ ಬಿದ್ದಂತೆ. ಫುಟ್‌ಬಾಲಿಗೆ ನಿಯಮ ಹೇಳುವ ಒತ್ತಡ ಚದರ ಸೆಂಟಿಮೀಟರಿಗೆ 600ರಿಂದ 1,100 ಗ್ರಾಂ. ಆರೋಗ್ಯವಂತ ಮನುಷ್ಯ ಕೆನ್ನೆ ಉಬ್ಬಿಸಿ ಶಕ್ತಿಯೆಲ್ಲ ಬಿಟ್ಟು ಊದಿದರೂ ಹುಟ್ಟುವ ಒತ್ತಡ ಸುಮಾರು 100 ಗ್ರಾಂ. ಉಸಿರಾಟದ ನಳಿಗೆಯ ಸುತ್ತ ಉಬ್ಬಿಸುವ ಪುಟ್ಟ ಚೀಲದಲ್ಲಿ ವೈದ್ಯರು ಇಡುವುದು 20ರಿಂದ 30 ಗ್ರಾಂ. ಟೈರಿನಿಂದ ಗಂಟಲಿಗೆ ಬರುವಷ್ಟರಲ್ಲಿ ವಾಲ್ವನ್ನು ಮುಚ್ಚಿ ಹಿಡಿಯುವ ಬಲ ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಈ ಮೆಟ್ಟಿಲುಗಳನ್ನು ಇಳಿಯುತ್ತ ಹೋದಂತೆ ವಿನ್ಯಾಸಕಾರರ ಜಾಣ್ಮೆ ಹೇಗೆ ಬೇರೆ ಬೇರೆ ದಾರಿ ಹಿಡಿಯಿತು ಎಂಬುದೇ ಈ ವಿಷಯದ ಸೊಗಸು.

ಮೇಲಿನ ಮೆಟ್ಟಿಲಲ್ಲಿ ನಿಂತಿರುವುದು ಶ್ರೇಡರ್ ವಾಲ್ವು. ಸ್ಕೂಟರು, ಕಾರು, ಬಸ್ಸು ಎಲ್ಲಕ್ಕೂ ಇರುವುದು ಇದೇ. ಜರ್ಮನಿಯಿಂದ ವಲಸೆ ಬಂದ ಆಗಸ್ಟ್ ಶ್ರೇಡರ್ 1844ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಾಗ ಮೋಟಾರು ವಾಹನದ ಮಾತೇ ಇರಲಿಲ್ಲ. ಗುಡ್‌ಇಯರ್ ಸೋದರರು ಮಾಡುತ್ತಿದ್ದ ಗಾಳಿದಿಂಬುಗಳಿಗೆ, ನೀರಿನಲ್ಲಿ ಮುಳುಗದಂತೆ ಕಾಯುವ ರಬ್ಬರ್ ಕವಚಗಳಿಗೆ ಹಿತ್ತಾಳೆಯ ಬಾಯಿಗಳನ್ನು ಮಾಡಿಕೊಡುವುದು ಅವರ ಕಸುಬಾಗಿತ್ತು. ಟೈರು ಬಂದ ಮೇಲೆ ಅದೇ ಕೈಕಸುಬು ಟೈರಿನ ಕಡೆ ತಿರುಗಿತು. 1893ರಲ್ಲಿ ವಾಲ್ವಿಗೆ ಪೇಟೆಂಟ್ ಸಿಕ್ಕಿತು. ದಿಂಬಿನಿಂದ ಚಕ್ರಕ್ಕೆ ಸಾಗಿದ ಈ ದಾರಿ ಗಮನಿಸತಕ್ಕದ್ದು. ಉಬ್ಬುವ ವಸ್ತುಗಳ ಲೋಕದಲ್ಲಿ ಒಂದು ಕಡೆ ಕಲಿತ ಪಾಠ ಇನ್ನೊಂದು ಕಡೆ ಕೆಲಸಕ್ಕೆ ಬರುವುದು ಮತ್ತೆ ಮತ್ತೆ ಕಾಣುತ್ತದೆ.

ಶ್ರೇಡರ್ ವಾಲ್ವಿನ ಟೋಪಿ ತೆಗೆದು ಬಾಯೊಳಗೆ ಇಣುಕಿದರೆ ನಡುವೆ ಒಂದು ಸಣ್ಣ ಪಿನ್ನು ಕಾಣುತ್ತದೆ. ಪಂಪಿನ ಮೂತಿ ಆ ಪಿನ್ನನ್ನು ಒಳಕ್ಕೆ ಒತ್ತುತ್ತದೆ. ಒತ್ತಿದಾಗ ಪಿನ್ನಿನ ಕೆಳತುದಿಯ ಪುಟ್ಟ ಮುಚ್ಚಳ ತನ್ನ ಪೀಠದಿಂದ ಕೆಳಗಿಳಿದು ಗಾಳಿಗೆ ದಾರಿ ಬಿಡುತ್ತದೆ. ಮೂತಿ ಕಿತ್ತ ತಕ್ಷಣ ಒಳಗಿನ ತೆಳು ಸ್ಪ್ರಿಂಗು ಮುಚ್ಚಳವನ್ನು ಮೇಲೆತ್ತಿ ಪೀಠಕ್ಕೆ ಮುಟ್ಟಿಸುತ್ತದೆ. ಸ್ಪ್ರಿಂಗಿನ ಪಾತ್ರ ಬಹುಮಟ್ಟಿಗೆ ಅಷ್ಟೇ, ಮುಟ್ಟಿಸುವುದು. ಮುಂದೆ ಅಮುಕಿ ಹಿಡಿಯುವ ಭಾರದ ಕೆಲಸ ಟೈರಿನೊಳಗಿನ ಗಾಳಿಯದು. ಇಡೀ ಒಳಭಾಗವನ್ನು ಸ್ಕ್ರೂ ತಿರುಗಿಸಿ ಹೊರತೆಗೆದು ಬದಲಿಸಬಹುದು. ಪಿನ್ನು ಒತ್ತಿ ಹಿಡಿದರೆ ಒಳಗಿನ ಗಾಳಿ ಮೀಟರಿಗೆ ಸಿಗುತ್ತದೆ, ಹೆಚ್ಚಾದದ್ದನ್ನು ಬಿಡಲೂಬಹುದು. ವುಡ್ಸ್ ವಾಲ್ವಿಗೆ ಆಗದಿದ್ದ ಎರಡೂ ಕೆಲಸ ಇದಕ್ಕೆ ಒಲಿದವು. ಏರ್‌ಕಂಡೀಷನರಿಗೆ ಗ್ಯಾಸ್ ತುಂಬುವ ಮೆಕ್ಯಾನಿಕ್ ಪೈಪು ಜೋಡಿಸುವ ಬಾಯಿಯಲ್ಲೂ ಇರುವುದು ಇದೇ ಬಗೆಯ ವಾಲ್ವು. ಫ್ರಾನ್ಸಿನಿಂದ ಬಂದ, ರೇಸ್ ಸೈಕಲ್ಲುಗಳ ಸಪೂರ ಪ್ರೆಸ್ಟಾ ವಾಲ್ವು ಸ್ಪ್ರಿಂಗನ್ನೂ ಬಿಟ್ಟುಕೊಟ್ಟಿದೆ. ಅಲ್ಲಿ ಒಳಗಿನ ಒತ್ತಡವೇ ಬಾಗಿಲು ಮುಚ್ಚುತ್ತದೆ, ಮೇಲೊಂದು ಪುಟ್ಟ ತಿರುಪು ಭದ್ರಪಡಿಸುತ್ತದೆ.

ಇನ್ನು ಫುಟ್‌ಬಾಲು. ಚೆಂಡಿಗೆ ಲೋಹದ ಮೂತಿ ಇಡುವಂತಿಲ್ಲ. ಇಟ್ಟರೆ ಚೆಂಡು ಒಂದು ಕಡೆ ವಾಲುತ್ತದೆ, ತಲೆಗೆ ತಗುಲಿದರೆ ಗಾಯ. ಹಿಂದೆ ಚರ್ಮದ ಚೆಂಡಿನೊಳಗೆ ಹಂದಿಯ ಮೂತ್ರಕೋಶವನ್ನು ಬಾಯಿಂದ ಊದಿ ಕಟ್ಟುತ್ತಿದ್ದರು. ಇಂಗ್ಲೆಂಡಿನ ರಗ್ಬಿ ಪಟ್ಟಣದ ರಿಚರ್ಡ್ ಲಿಂಡನ್ ಎಂಬ ಚರ್ಮದ ಕುಶಲಕರ್ಮಿಯ ಹೆಂಡತಿ ಈ ಊದುವ ಕೆಲಸ ಮಾಡಿ ಮಾಡಿ, ರೋಗ ಹಿಡಿದ ಪ್ರಾಣಿಗಳ ಮೂತ್ರಕೋಶದಿಂದ ಸೋಂಕು ತಗುಲಿ ತೀರಿಕೊಂಡರೆಂದು ಹೇಳುತ್ತಾರೆ. 1860ರ ದಶಕದಲ್ಲಿ ಲಿಂಡನ್ ರಬ್ಬರಿನ ಬ್ಲಾಡರನ್ನೂ ಅದನ್ನು ಉಬ್ಬಿಸಲು ಹಿತ್ತಾಳೆಯ ಪಂಪನ್ನೂ ರೂಪಿಸಿದರು. ಬಾಯಿಂದ ಊದುವ ಕಷ್ಟ ತಪ್ಪಿತು, ಕಟ್ಟುವ ಕಷ್ಟ ಉಳಿಯಿತು. ಬ್ಲಾಡರಿನ ಕತ್ತನ್ನು ಮಡಚಿ ದಾರ ಬಿಗಿದು ಚರ್ಮದ ಸೀಳಿನೊಳಕ್ಕೆ ತುರುಕಿ, ಮೇಲೆ ಬೂಟಿಗೆ ಹಾಕಿದ ಹಾಗೆ ಲೇಸು ಹಾಕಬೇಕು. ಮಳೆಯಲ್ಲಿ ನೆನೆದು ಗಟ್ಟಿಯಾದ ಆ ಲೇಸಿಗೆ ಹಣೆ ಕೊಟ್ಟವರ ಹಣೆ ಒಡೆಯುತ್ತಿತ್ತು.

ಈ ಲೇಸನ್ನು ಕಿತ್ತು ಹಾಕಿದವರು ಅರ್ಜೆಂಟೀನಾದ ಕೊರ್ಡೊಬಾ ಪ್ರಾಂತದ ಬೆಲ್ ವಿಲ್ ಎಂಬ ಸಣ್ಣ ಊರಿನ ಮೂವರು: ರೊಮಾನೊ ಪೋಲೊ, ಆಂಟೋನಿಯೊ ಟೊಸೊಲಿನಿ, ಹುವಾನ್ ವಲ್ಬೊನೆಸಿ. 1931ರಲ್ಲಿ ಅವರು ಮಾಡಿದ 'ಸೂಪರ್‌ಬಾಲ್' ಚೆಂಡಿನ ಮೈಯಲ್ಲಿ ಹೊರಗೆ ಏನೂ ಚಾಚಿರಲಿಲ್ಲ. ಒಳಗಿನ ಬ್ಲಾಡರಿಗೆ ಅಂಟಿದ ರಬ್ಬರಿನ ವಾಲ್ವಿಗೆ ಸೂಜಿ ಚುಚ್ಚಿ ಗಾಳಿ ತುಂಬಿ, ಸೂಜಿ ಎಳೆದರೆ ರಬ್ಬರು ತನ್ನಷ್ಟಕ್ಕೆ ಕೂಡಿಕೊಳ್ಳುತ್ತಿತ್ತು. 1950ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಆಡಿದ್ದು ಈ ವಂಶದ ಲೇಸಿಲ್ಲದ ಚೆಂಡು.

ನಮ್ಮ ಶಾಲೆಗಳ ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಪಂಪಿನ ಸೂಜಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಂಡು ಚೆಂಡಿಗೆ ಚುಚ್ಚುವುದನ್ನು ನೋಡಿದವರು ಬಹಳ. ಅದು ಬರೀ ರೂಢಿಯಲ್ಲ, ಅದರ ಹಿಂದೆ ಒಳ್ಳೆಯ ಕಾರಣವಿದೆ. ವಾಲ್ವಿನ ರಬ್ಬರಿನಲ್ಲಿ ಇರುವುದು ದುಂಡು ತೂತಲ್ಲ, ಒಂದು ಸೀಳು. ಸುತ್ತಲ ರಬ್ಬರು ಇಕ್ಕಟ್ಟಿನಲ್ಲಿ ಕೂತಿರುವುದರಿಂದ ಸೀಳಿನ ಎರಡು ತುಟಿಗಳೂ ಸದಾ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒಣ ಸೂಜಿ ಆ ತುಟಿಗಳನ್ನು ಉಜ್ಜಿ ಹರಿಯುತ್ತದೆ ಅಥವಾ ವಾಲ್ವನ್ನೇ ಬ್ಲಾಡರಿನೊಳಕ್ಕೆ ತಳ್ಳುತ್ತದೆ. ಒಂದು ಹನಿ ನೀರು, ಇದ್ದರೆ ಗ್ಲಿಸರಿನ್, ಚೆಂಡಿನ ಆಯುಷ್ಯವನ್ನು ವರ್ಷಗಟ್ಟಲೆ ಹೆಚ್ಚಿಸುತ್ತದೆ. ಆಸ್ಪತ್ರೆಯಲ್ಲಿ ನರ್ಸು ಸಿರಿಂಜಿನ ಸೂಜಿ ಚುಚ್ಚಿ ಔಷಧ ಎಳೆಯುವ ಪುಟ್ಟ ಬಾಟಲಿಯ ರಬ್ಬರ್ ಬಿರಡೆಯೂ ಇದೇ ಗುಣದ್ದು. ಇಲ್ಲಿ ಬಾಗಿಲನ್ನು ಮುಚ್ಚುವುದರಲ್ಲಿ ಒಳಗಿನ ಒತ್ತಡಕ್ಕಿಂತ ರಬ್ಬರಿನ ಸ್ವಂತ ಬಿಗುವಿನ ಪಾಲೇ ದೊಡ್ಡದು.

ಇನ್ನೂ ಒಂದು ಮೆಟ್ಟಿಲು ಇಳಿದರೆ ಹಾರ್ಮೋನಿಯಂ. ಗಾಳಿ ತುಂಬುವ ಚೀಲವೆಂದು ಯಾರೂ ಅದನ್ನು ನೆನೆಯುವುದಿಲ್ಲ, ಆದರೆ ಅದರ ಹೊಟ್ಟೆಯಲ್ಲಿರುವುದು ಅದೇ. ಕೈಯಿಂದ ಒತ್ತುವ ಹಿಂಬದಿಯ ತಿದಿಯ ಹಲಗೆಯಲ್ಲಿ ತೂತುಗಳಿರುತ್ತವೆ, ಅವುಗಳ ಒಳಬದಿಗೆ ಮೆತ್ತನೆಯ ಚರ್ಮದ ಪಟ್ಟಿ. ತಿದಿ ತೆರೆದಾಗ ಹೊರಗಿನ ಗಾಳಿ ಚರ್ಮವನ್ನು ಎತ್ತಿ ಒಳಗೆ ಬರುತ್ತದೆ, ಒತ್ತಿದಾಗ ಚರ್ಮ ಮುಚ್ಚಿಕೊಳ್ಳುತ್ತದೆ. ಗಾಳಿ ಇನ್ನೊಂದು ಚರ್ಮದ ಬಾಗಿಲು ದಾಟಿ ಒಳಗಿನ ಸಂಗ್ರಹದ ತಿದಿಗೆ ಸೇರುತ್ತದೆ. ಹಿಂದಿನ ದಾರಿ ಮುಚ್ಚಿದೆ, ಇನ್ನು ಹೋಗುವುದಾದರೆ ಸ್ವರದ ನಾಲಗೆಗಳ ಮೂಲಕವೇ ಹೋಗಬೇಕು. ಕೈತಿದಿಯ ಈ ಪೆಟ್ಟಿಗೆಯನ್ನು 1875ರ ಹೊತ್ತಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ರೂಪಿಸಿದರು. ಕನ್ನಡದ ಕಂಪನಿ ನಾಟಕಗಳ ರಂಗಗೀತೆಗಳು ನಿಂತದ್ದೇ ಅದರ ಗಾಳಿಯ ಮೇಲೆ.  ಬಾಗಿಲಿನ ಚರ್ಮ ಸುಕ್ಕುಗಟ್ಟಿದರೆ ಅಥವಾ ಅಡಿಗೆ ದೂಳು ಸೇರಿದರೆ ನುಡಿಸುವವರು ಎರಡು ಪಟ್ಟು ತಿದಿ ಒತ್ತಬೇಕಾಗುತ್ತದೆ. ಒತ್ತಡ ಇಷ್ಟು ಕಡಿಮೆ ಇರುವಲ್ಲಿ ಗಟ್ಟಿ ಮುಚ್ಚಳ ಕೆಲಸ ಮಾಡದು. ಉಸಿರಿಗೆ ಏಳುವಷ್ಟು ಹಗುರಾಗಿ, ತನ್ನಷ್ಟಕ್ಕೆ ಮಲಗುವಷ್ಟು ಮೆತ್ತಗೆ ಇರುವ ಪಟ್ಟಿಯೇ ಬೇಕು.

ಮಕ್ಕಳ ಈಜುಬಳೆಯ ಬಾಯಲ್ಲಿರುವುದು ಚರ್ಮದ ಬದಲು ಪ್ಲಾಸ್ಟಿಕ್ಕಿನ ಇಂಥದೇ ಒಂದು ಪುಟ್ಟ ಪದರ. ಮೊದಲ ಸಲ ಊದುವವರು ಇಲ್ಲಿ ಸೋಲುತ್ತಾರೆ. ಕಣ್ಣು ಮೇಲಾಗುವಷ್ಟು ಊದಿದರೂ ಗಾಳಿ ಹೋಗದು. ಗುಟ್ಟು ಇಷ್ಟೇ: ಮೂತಿಯ ಬುಡವನ್ನು ಎರಡು ಬೆರಳಿನಲ್ಲಿ ಹಿಸುಕಿ ಹಿಡಿದು ಊದಬೇಕು. ಹಿಸುಕಿದಾಗ ದುಂಡು ಬಾಯಿ ಚಪ್ಪಟೆಯಾಗಿ, ಒಳಗಿನ ಪದರ ಅಂಚಿನಿಂದ ಬಿಟ್ಟುಕೊಂಡು ದಾರಿ ತೆರೆಯುತ್ತದೆ. ಬೆರಳು ಸಡಿಲಿಸಿ ಉಸಿರು ಎಳೆದುಕೊಳ್ಳುವಾಗ ಬಾಯಿ ಮತ್ತೆ ದುಂಡಗಾಗಿ ಪದರ ಕೂರುತ್ತದೆ. ಗಾಳಿ ಬಿಡುವಾಗಲೂ ಹಿಸುಕುವುದೇ ಉಪಾಯ. ಈ ಪದರ ಪೂರ್ತಿ ಭದ್ರವಲ್ಲ, ಹಾಗೆಂದು ಯಾರೂ ಹೇಳಿಯೂ ಇಲ್ಲ. ಬಿರಡೆ ಹಾಕುವವರೆಗೆ ಸೋರಿಕೆಯನ್ನು ತಡೆದು ನಿಲ್ಲಿಸಿದರೆ ಅದರ ಕೆಲಸ ಮುಗಿಯಿತು. ಆಮೇಲೆ ಬಿರಡೆಯ ಪಾಳಿ. ಆದ್ದರಿಂದಲೇ ಬಿರಡೆ ಕಳೆದುಹೋದ ಬಳೆಯನ್ನು ಪದರ ಇದೆಯಲ್ಲ ಎಂದು ನಂಬಿ ಮಗುವನ್ನು ನೀರಿಗೆ ಬಿಡಬಾರದು. ವಿಮಾನದಲ್ಲಿ ಸಿಬ್ಬಂದಿ ತೋರಿಸುವ ಜೀವರಕ್ಷಕ ಅಂಗಿಯಲ್ಲೂ ಬಾಯಿಂದ ಊದುವ ನಳಿಗೆ ಇರುತ್ತದೆ. ಗ್ಯಾಸಿನ ಪುಟ್ಟ ಸಿಲಿಂಡರ್ ಕೈಕೊಟ್ಟರೆ ಅದೇ ಗತಿ. ನೀರಿನಲ್ಲಿ ತೇಲುತ್ತ, ನಡುಗುತ್ತ ಊದುವ ಪ್ರಯಾಣಿಕ ಬಿರಡೆ ಹುಡುಕುತ್ತ ಕೂರಲಾರ. ಅಲ್ಲಿ ವಾಲ್ವು ಯಾರ ನೆರವೂ ಇಲ್ಲದೆ ಮುಚ್ಚಿಕೊಳ್ಳಲೇಬೇಕು.

ಉತ್ತರ ಕರ್ನಾಟಕದವರು ಪುಗ್ಗಾ ಎನ್ನುವ ರಬ್ಬರ್ ಬಲೂನಿಗೆ ಇಂದಿಗೂ ಗಂಟೇ ಗತಿ. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಜಲಜನಕದ ಪ್ರಯೋಗಕ್ಕೆಂದು ಎರಡು ರಬ್ಬರ್ ಹಾಳೆಗಳ ಅಂಚು ಕೂಡಿಸಿ, ಒಳಗೆ ಅಂಟಿಕೊಳ್ಳದಂತೆ ಹಿಟ್ಟು ಉದುರಿಸಿ ಮಾಡಿದ ಬಲೂನಿನಿಂದ ಈಚೆಗೆ ಅದರ ಬಾಯಿ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಹೊಳೆಯುವ ಲೋಹದ ಲೇಪದ ಹಾಳೆ ಬಲೂನಿನಲ್ಲಿ. ಅದರ ಕತ್ತಿನೊಳಗೆ ಎರಡು ತೆಳು ಪ್ಲಾಸ್ಟಿಕ್ ಹಾಳೆಗಳು, ಅಂಚು ಮಾತ್ರ ಬೆಸೆದು, ಹೊಟ್ಟೆಯ ಕಡೆಗೆ ಇಳಿಬಿದ್ದಿರುತ್ತವೆ. ಗ್ಯಾಸಿನ ಮೂತಿಯನ್ನು ಆ ಹಾಳೆಗಳ ನಡುವೆ ತೂರಿಸಿ ತುಂಬುತ್ತಾರೆ. ಮೂತಿ ತೆಗೆದಾಗ ಒಳಗಿನ ಅಲ್ಪ ಒತ್ತಡ ಎರಡೂ ಬದಿಯಿಂದ ಹಾಳೆಗಳನ್ನು ಒಂದಕ್ಕೊಂದು ಒತ್ತುತ್ತದೆ. ಬಲ ಕಡಿಮೆ ನಿಜ, ಆದರೆ ಅದು ಬೀಳುವ ಜಾಗ ದೊಡ್ಡದು. ಮೇಲಾಗಿ ನುಣುಪಾದ ತೆಳು ಹಾಳೆಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವವೇ ಇದೆ. ಕಡಿಮೆ ಒತ್ತಡದ ತೊಡಕಿಗೆ ಇದಕ್ಕಿಂತ ಚೆಲುವಾದ ಉತ್ತರ ಸಿಗುವುದು ಕಷ್ಟ: ಸ್ಪ್ರಿಂಗಿಲ್ಲ, ಪಿನ್ನಿಲ್ಲ, ತೂಕವೇ ಇಲ್ಲವೆನ್ನಬಹುದು. ತೂಕವಿದ್ದರೆ ಬಲೂನು ಮೇಲೇರುವುದು ಹೇಗೆ? ಗಾಳಿ ಬಿಡಬೇಕೆಂದರೆ ಜ್ಯೂಸ್ ಕುಡಿಯುವ ಸ್ಟ್ರಾ ತೂರಿಸಿದರಾಯಿತು. ಇದರ ಶತ್ರು ಎಂದರೆ ಸುಕ್ಕು. ಹಾಳೆಯಲ್ಲಿ ಒಂದು ಮಡಿಕೆ ಬಿದ್ದರೆ ಅದೇ ಕಾಲುವೆಯಾಗಿ ಗ್ಯಾಸು ಸದ್ದಿಲ್ಲದೆ ಸೋರುತ್ತದೆ.

ಆಸ್ಪತ್ರೆಯ ವಿಷಯಕ್ಕೆ ಬಂದರೆ ಮಾತು ಗಂಭೀರವಾಗುತ್ತದೆ. ವೆಂಟಿಲೇಟರ್ ಹಾಕುವಾಗ ಶ್ವಾಸನಾಳಕ್ಕೆ ಇಳಿಸುವ ನಳಿಗೆಯ ತುದಿಯ ಬಳಿ ಒಂದು ಪುಟ್ಟ ಚೀಲ ಇರುತ್ತದೆ. ಅದನ್ನು ಉಬ್ಬಿಸಿದಾಗ ನಳಿಗೆಗೂ ಶ್ವಾಸನಾಳದ ಗೋಡೆಗೂ ನಡುವಿನ ಸಂದಿ ಮುಚ್ಚುತ್ತದೆ. ಒತ್ತಡ 30 ಗ್ರಾಂ ದಾಟಿದರೆ ಆ ಮೃದು ಗೋಡೆಯ ಸೂಕ್ಷ್ಮ ರಕ್ತನಾಳಗಳು ಹಿಸುಕಿ ಅಂಗಾಂಶಕ್ಕೆ ರಕ್ತ ಸಿಗುವುದಿಲ್ಲ. 20ಕ್ಕಿಂತ ಇಳಿದರೆ ಬಾಯಿಯ ದ್ರವ ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗಬಹುದು. ಚೀಲ ಒಳಗಿದೆ, ಕಣ್ಣಿಗೆ ಕಾಣದು. ಹಾಗಾಗಿ ಸಪೂರ ಕೊಳವೆಯೊಂದನ್ನು ಹೊರಗೆ ತಂದು ಅದರ ತುದಿಗೆ ಇನ್ನೊಂದು ಪುಟ್ಟ ಬಲೂನು, ಅದರ ಬಾಯಿಗೆ ಸ್ಪ್ರಿಂಗಿನ ವಾಲ್ವು ಕೂರಿಸಿರುತ್ತಾರೆ. ಸಿರಿಂಜಿನ ಮೂತಿ ಚುಚ್ಚಿದರೆ ವಾಲ್ವು ತೆರೆಯುತ್ತದೆ, ಎಳೆದರೆ ಮುಚ್ಚುತ್ತದೆ. ಇಲ್ಲಿ ಒಳಗಿನ ಗಾಳಿಯ ಬಲವನ್ನು ನೆಚ್ಚಿಕೊಳ್ಳಲು ಸಾಧ್ಯವೇ ಇಲ್ಲ. ಮುಚ್ಚುವ ಹೊಣೆಯೆಲ್ಲ ಸ್ಪ್ರಿಂಗಿನದು. ಟೈರಿನಲ್ಲಿ ಬರೀ ಸಹಾಯಕನಾಗಿದ್ದ ಸ್ಪ್ರಿಂಗು ಇಲ್ಲಿ ಯಜಮಾನನಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ನರ್ಸುಗಳು ಆ ಬಾಯಿಗೆ ಮೀಟರ್ ಜೋಡಿಸಿ ಆಗಾಗ ಒತ್ತಡ ನೋಡುತ್ತಿರುವುದು ಇದಕ್ಕಾಗಿಯೇ.

ಮೂತ್ರ ಹೊರಹೋಗಲು ಹಾಕುವ ಫೋಲಿ ಕ್ಯಾತಿಟರಿನ ಕಥೆ ಇದರ ಇನ್ನೊಂದು ಮಗ್ಗುಲು. ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಈ ನಳಿಗೆ ಜಾರಿ ಬರದಂತೆ ಮೂತ್ರಕೋಶದೊಳಗೆ ಒಂದು ಬಲೂನು ಉಬ್ಬಿ ಕೂರುತ್ತದೆ. ಅದಕ್ಕೆ ತುಂಬುವುದು ಗಾಳಿಯಲ್ಲ, ಶುದ್ಧ ನೀರು. ಉಪ್ಪುನೀರು ತುಂಬಿದರೆ ಉಪ್ಪಿನ ಹರಳು ಕಟ್ಟಿ ಸಪೂರ ದಾರಿ ಮುಚ್ಚಿಹೋಗುವ ಭಯವಿದೆ. ಇಲ್ಲಿ ವಾಲ್ವು ಮುಚ್ಚದಿರುವುದಕ್ಕಿಂತ ತೆರೆಯದಿರುವುದು ದೊಡ್ಡ ಅಪಾಯ: ಬಲೂನು ಇಳಿಯದಿದ್ದರೆ ನಳಿಗೆಯನ್ನು ತೆಗೆಯುವಂತಿಲ್ಲ. ದೋಷ ವಾಲ್ವಿನದೇ ಆಗಿದ್ದರೆ ವೈದ್ಯರು ಹೊರಗಿರುವ ಆ ವಾಲ್ವನ್ನೇ ಕತ್ತರಿಸಿ ನೀರು ಹರಿಯಬಿಡುತ್ತಾರೆ. ಎಂಥ ಭದ್ರವಾದ ಬೀಗಕ್ಕೂ ಕೊನೆಗೊಂದು ಕತ್ತರಿಯ ದಾರಿ ಉಳಿಸಿಕೊಂಡ ವಿನ್ಯಾಸ ಇದು. ವಾಲ್ವನ್ನು ದೇಹದ ಹೊರಗೆ ಇಟ್ಟದ್ದರಿಂದ ಎಷ್ಟು ಜನರಿಗೆ ಒಳಿತಾಗಿದೆ ಎಂದು ಯೋಚಿಸಿದರೆ ಮನಸ್ಸು ತುಂಬುತ್ತದೆ.

ವಾಲ್ವನ್ನೇ ಬಿಟ್ಟುಬಿಟ್ಟ ಪರಿಹಾರವೂ ಒಂದಿದೆ. ಹೋಳಿಯ ದಿನಗಳಲ್ಲಿ ನಲ್ಲಿಯ ಮುಂದೆ ಕೂತು ಒಂದೊಂದೇ ಬಲೂನಿಗೆ ಬಣ್ಣದ ನೀರು ತುಂಬಿ, ಒದ್ದೆ ಬೆರಳಿನಲ್ಲಿ ಗಂಟು ಹಾಕಲು ಒದ್ದಾಡುವ ಮಕ್ಕಳ ಕಷ್ಟ ಎಲ್ಲರಿಗೂ ಗೊತ್ತು. ಎಂಟು ಮಕ್ಕಳ ತಂದೆಯಾದ ಟೆಕ್ಸಾಸಿನ ಜೋಶ್ ಮಲೋನ್ ಇದಕ್ಕೊಂದು ಉಪಾಯ ಕಂಡುಕೊಂಡು 2014ರಲ್ಲಿ ಜನರ ಮುಂದಿಟ್ಟರು. ನಲ್ಲಿಗೆ ಜೋಡಿಸುವ ಮೂತಿಯಿಂದ ಮೂವತ್ತಕ್ಕೂ ಹೆಚ್ಚು ಸಪೂರ ಕೊಳವೆಗಳು ಗೊಂಚಲಾಗಿ ಇಳಿಬಿದ್ದಿವೆ, ಒಂದೊಂದರ ತುದಿಗೂ ಒಂದು ಬಲೂನು. ಬಲೂನಿನ ಕತ್ತನ್ನು ಕೊಳವೆಗೆ ಬಿಗಿದಿರುವುದು ಕಡಲೆಕಾಳಿಗಿಂತ ಚಿಕ್ಕದಾದ ರಬ್ಬರಿನ ಉಂಗುರ. ನಲ್ಲಿ ತಿರುಗಿಸಿದರೆ ಎಲ್ಲ ಬಲೂನುಗಳೂ ಒಟ್ಟಿಗೆ ತುಂಬುತ್ತವೆ. ತುಂಬಿದ ಮೇಲೆ ಗೊಂಚಲನ್ನು ಅಲುಗಿಸಿದರೆ ನೀರಿನ ಭಾರಕ್ಕೆ ಬಲೂನು ಕೊಳವೆಯಿಂದ ಜಾರುತ್ತದೆ. ಕೊಳವೆ ಈಚೆ ಬಂದ ಗಳಿಗೆಯಲ್ಲೇ ಉಂಗುರ ಕುಗ್ಗಿ ಕತ್ತನ್ನು ಬಿಗಿಯುತ್ತದೆ. ಉಂಗುರವನ್ನು ಹಿಗ್ಗಿಸಿ ಹಿಡಿದಿದ್ದು ಕೊಳವೆಯೇ, ಬಿಟ್ಟುಕೊಟ್ಟಿದ್ದೂ ಕೊಳವೆಯೇ. ಇಷ್ಟು ಸಣ್ಣ ವಸ್ತುವಿನ ಸುತ್ತ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಪೇಟೆಂಟ್ ವ್ಯಾಜ್ಯ ನಡೆಯಿತು. ಆಟದ ಸಾಮಾನಿನ ಹಿಂದಿನ ಶ್ರಮವನ್ನು ಹಗುರಾಗಿ ಎಣಿಸುವವರು ಇದನ್ನು ನೆನೆಯಬೇಕು. ಎಸೆದ ಮೇಲೆ ನೆಲದಲ್ಲಿ ಉಳಿಯುವ ರಬ್ಬರಿನ ಚೂರುಗಳನ್ನು ಹೆಕ್ಕುವುದು ಮಾತ್ರ ಆಡಿದವರ ಪಾಲಿನ ಕೆಲಸ.

ಇಂಥದೊಂದು ವಾಲ್ವನ್ನು ಹೊಸದಾಗಿ ರೂಪಿಸಲು ಕೂತ ವಿದ್ಯಾರ್ಥಿ ಮೊದಲು ಕೇಳಿಕೊಳ್ಳಬೇಕಾದದ್ದು, ಬಾಗಿಲನ್ನು ಮುಚ್ಚುವ ಬಲ ಎಲ್ಲಿಂದ ಬರುತ್ತದೆ ಎಂದು. ಒಳಗಿನ ಒತ್ತಡದಿಂದಲೋ, ಸ್ಪ್ರಿಂಗಿನಿಂದಲೋ, ರಬ್ಬರಿನ ಬಿಗುವಿನಿಂದಲೋ, ಹಾಳೆಯ ಅಂಟಿನಿಂದಲೋ? ಪದರ ಬಿಗಿಯಾದಷ್ಟೂ ಚೆನ್ನಾಗಿ ಮುಚ್ಚುತ್ತದೆ, ಆದರೆ ತುಂಬುವವರ ಉಸಿರು ಸಾಲದು. ಸಡಿಲಾದಷ್ಟೂ ಸಲೀಸಾಗಿ ತುಂಬುತ್ತದೆ, ಆದರೆ ನಿಲ್ಲದು. ಈ ಎಳೆದಾಟದ ನಡುವೆ ಸರಿಯಾದ ಜಾಗ ಸಿಗುವುದು ಮಾಡಿ ನೋಡಿದಾಗಲೇ. ನಿಕೋಲ ಟೆಸ್ಲಾ ಅವರು 1920ರಲ್ಲಿ ಪೇಟೆಂಟ್ ಪಡೆದ, ಅಲುಗಾಡುವ ಭಾಗವೇ ಇಲ್ಲದ ವಾಲ್ವು ಬಹಳ ಜಾಣತನದ್ದು. ಅದು ಹಿಂದಕ್ಕೆ ಹರಿಯುವುದನ್ನು ಸುತ್ತು ದಾರಿಗಳಲ್ಲಿ ತಡೆದು ನಿಧಾನಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಉಬ್ಬಿದ್ದನ್ನು ಉಬ್ಬಿದಂತೆಯೇ ಇಡಲು ಅದು ಒದಗದು.

ಮಾಡಿ ನೋಡಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ 1978ರಲ್ಲಿ ನೌಕರಿಗೆ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ, ಸೈಕಲ್ಲಿನ ಇದೇ ವಾಲ್‌ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸಿ ಮಕ್ಕಳಿಗೆ ರೇಖಾಗಣಿತ ತೋರಿಸಿದರು. ಮುಂದೆ ಅವರು ಕ್ಯಾಮೆರಾ ರೀಲಿನ ಖಾಲಿ ಡಬ್ಬಿಗಳಿಂದ ಬಲೂನು ಉಬ್ಬಿಸುವ ಪಂಪು ಮಾಡುವುದನ್ನು ಕಲಿಸಿದರು. ಅದರ ವಾಲ್ವು ತೂತಿನ ಮೇಲೆ ಅಂಟಿಸಿದ ಟೇಪಿನ ಒಂದು ಪಟ್ಟಿ. ಕೈಯಾರೆ ಅಂಥದನ್ನು ಮಾಡಿದ ಮಗುವಿಗೆ ಹೃದಯದ ಕವಾಟ ಹೇಗೆ ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ ಎಂದು ಆಮೇಲೆ ವಿವರಿಸುವುದು ಕಷ್ಟವಾಗದು.

ಇಷ್ಟರ ಮೇಲೂ ವಾಲ್ವು ಮಾಡದ ತಪ್ಪಿಗೆ ಬೈಗುಳ ತಿನ್ನುವುದುಂಟು. ಗಾಳಿ ದಿನವೂ ಇಳಿಯುತ್ತಿದೆ ಎಂದಾಗ ಮೊದಲ ಅನುಮಾನ ವಾಲ್ವಿನ ಮೇಲೆಯೇ. ವಾಲ್ವಿನ ಪೀಠದ ಮೇಲೆ ಮರಳಿನ ಒಂದು ಕಣ ಕೂತರೆ ಸೋರುವುದು ನಿಜ. ಆದ್ದರಿಂದಲೇ ಸ್ಕೂಟರಿನ ವಾಲ್ವಿನ ಟೋಪಿ ಕಳೆದುಹೋದರೆ ಹೊಸದು ಹಾಕಿಸಬೇಕು. ದೂಳು, ಕೆಸರು ಪಿನ್ನಿನವರೆಗೆ ಹೋಗದಂತೆ ತಡೆಯುವುದು ಅದೇ. ಆದರೆ ಗಾಳಿ ರಬ್ಬರಿನ ಮೈಯಿಂದಲೇ ನಿಧಾನವಾಗಿ ಹಾದುಹೋಗುತ್ತದೆ. ಸಹಜ ರಬ್ಬರಿನ ತೆಳು ಟ್ಯೂಬಿನಲ್ಲಿ ಇದು ಹೆಚ್ಚು, 1937ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಬ್ಯುಟೈಲ್ ರಬ್ಬರಿನಲ್ಲಿ ಬಹಳ ಕಡಿಮೆ. ಪಂಕ್ಚರ್ ಅಂಗಡಿಯವರು ಪಿನ್ನು ಬದಲಿಸುವ ಮೊದಲು ಬೆರಳ ತುದಿಗೆ ಉಗುಳು ತೆಗೆದು ವಾಲ್ವಿನ ಬಾಯಿಗೆ ಸವರಿ ನೋಡುತ್ತಾರೆ. ಗುಳ್ಳೆ ಎದ್ದರೆ ಪಿನ್ನು ಹೋಗಿದೆ. ಏಳದಿದ್ದರೆ ವಾಲ್ವಿನ ತಂಟೆಗೆ ಹೋಗದೆ ಟ್ಯೂಬನ್ನು ಹೊರಗೆಳೆದು, ಗಾಳಿ ಹೊಡೆದು, ಬಾಣಲೆಯ ನೀರಿನಲ್ಲಿ ಮುಳುಗಿಸಿ ಸುತ್ತಲೂ ಹಿಸುಕುತ್ತ ಬರುತ್ತಾರೆ.